ಗುಂಡಿಯೊಳಗಿನ ನಲ್ಲಿ

ಖಾಲಿ ಬಿಂದಿಗೆಗೆ ಬೀಳುವ ನೀರಿನ ಸದ್ದನ್ನು ನೀವು ಗಮನವಿಟ್ಟು ಕೇಳಿದ್ದೀರೋ ಇಲ್ಲವೋ ನಾನರಿಯೆ. ಮೊದಲು ತಳಕ್ಕೆ ಬಡಿದು ತಮಟೆಯಂತೆ ಒರಟಾಗಿ ಸದ್ದಾಗುತ್ತದೆ. ಎರಡು ಬೆರಳಷ್ಟು ನೀರು ನಿಂತ ಮೇಲೆ ಮೆತ್ತಗಾಗುತ್ತದೆ. ಹೊಟ್ಟೆ ತುಂಬಿ ನೀರು ಕತ್ತಿಗೆ ಬರುವ ಹೊತ್ತಿಗೆ ಸ್ವರ ಏರುತ್ತಾ ಏರುತ್ತಾ, ಇನ್ನೇನು ತುಂಬಿತು ಎಂಬುದು ಅಡುಗೆಮನೆಯಲ್ಲಿರುವವರಿಗೂ ತಿಳಿಯುತ್ತದೆ. ಸಂಗೀತದ ಗಂಧವಿಲ್ಲದ ನನಗೆ ಆರೋಹಣವೆಂದರೆ ಏನೆಂದು ಕಲಿಸಿದ್ದು ನಮ್ಮ ಮನೆಯ ಹಿತ್ತಾಳೆ ಬಿಂದಿಗೆ.

ರಾಜಾಜಿನಗರದ ಪಶ್ಚಿಮದ ಅಂಚಿನಲ್ಲಿ, ಬಸವೇಶ್ವರನಗರವೆಂಬುದು ಇನ್ನೂ ಸೈಟಿನ ಕಲ್ಲುಗಳನ್ನು ನೆಟ್ಟ ಬಯಲಾಗಿದ್ದಾಗ ನಾವು ಕಟ್ಟಿಸಿಕೊಂಡ ಮನೆಯ ಬೀದಿಯಲ್ಲಿ, ಈ ಸದ್ದಿಗೆ ಒಂದು ಉದ್ಯೋಗವೂ ಇತ್ತು. ಕೊಳಾಯಿಯಲ್ಲಿ ನೀರು ಬರುತ್ತಿದ್ದುದು ಬೆಳಗಿನ ಜಾವ. ನಾಲ್ಕಕ್ಕೋ ಐದಕ್ಕೋ ಹೇಳುವವರಿಲ್ಲ. ಆದ್ದರಿಂದ ಮಲಗುವ ಮೊದಲು ನಲ್ಲಿಯನ್ನು ಪೂರ್ತಿ ತೆರೆದು, ಕೆಳಗೆ ಖಾಲಿ ಬಿಂದಿಗೆಯಿಟ್ಟು ಮಲಗುವುದು ಎಲ್ಲರ ಮನೆಯ ಪದ್ಧತಿ. ನೀರು ಬಂದಾಗ ಬಿಂದಿಗೆಯೇ ಕೂಗಿ ಎಬ್ಬಿಸುತ್ತಿತ್ತು. ಅಲಾರಾಂ ಗಡಿಯಾರಕ್ಕೆ ಕೀಲಿ ಕೊಡಬೇಕು. ಮೇಲಾಗಿ ಅದಕ್ಕೆ ತಿಳಿದಿರುವುದು ಗಂಟೆ ಎಷ್ಟೆಂಬುದೇ ಹೊರತು ನೀರು ಬಂತೆಂಬುದಲ್ಲ.

ನೀರಿನ ರಭಸ ಬಹಳ ಕಡಿಮೆ. ನೆಲದಿಂದ ಮೊಳದೆತ್ತರದ ನಲ್ಲಿಗೆ ಏರುವಷ್ಟು ಕಸುವೂ ಅದಕ್ಕಿರಲಿಲ್ಲ. ಆಗ ಉಪಾಯ ಹೇಳಿದವನು ನಾನೇ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮೇಷ್ಟ್ರಾದ ನನಗೆ ನೀರು ತಗ್ಗನ್ನು ಹುಡುಕುತ್ತದೆಂಬುದು ಬಾಯಿಪಾಠ. ನೀರು ನಲ್ಲಿಯವರೆಗೆ ಏರದಿದ್ದರೆ ನಲ್ಲಿಯನ್ನೇ ನೀರಿನವರೆಗೆ ಇಳಿಸಿದರಾಯಿತು. ಸುಂಕದಕಟ್ಟೆಯ ಕಲ್ಲುಕೆಲಸದವರೊಬ್ಬರನ್ನು ಕರೆಸಿ ಮನೆಯ ಮುಂದೆ ಮೂರಡಿ ಆಳದ ಗುಂಡಿ ತೆಗೆಸಿ, ಇಳಿಯಲು ಮೂರು ಮೆಟ್ಟಿಲು ಕಟ್ಟಿಸಿ, ತಳದಿಂದ ಒಂದಡಿ ಮೇಲೆ ನಲ್ಲಿ ಕೂರಿಸಿದೆ. ಮಾರನೆಯ ಬೆಳಗ್ಗೆ ಬಿಂದಿಗೆ ಅರ್ಧ ಗಂಟೆ ಮೊದಲೇ ಕೂಗಿತು. ಎದುರುಮನೆಯ ಗಂಗಮ್ಮ ತಮ್ಮ ಕೊಡಗಳನ್ನೆಲ್ಲ ಹೊತ್ತು ತಂದು, ತುಂಬಿಸಿಕೊಂಡು, "ಮೇಷ್ಟ್ರೇ, ನಿಮ್ಮ ವಿದ್ಯೆ ಹೊಟ್ಟೆಗಲ್ದಿದ್ರೂ ಗಂಟಲಿಗಾದ್ರೂ ಆಯ್ತು ಬಿಡಿ" ಎಂದರು. ನಾನು ಹೊಗಳಿಕೆಯೆಂದೇ ಸ್ವೀಕರಿಸಿದೆ. ವರ್ಷ ತುಂಬುವುದರೊಳಗೆ ಬೀದಿಯಲ್ಲಿ ಹನ್ನೊಂದು ಗುಂಡಿಗಳಾದವು. ಅವುಗಳಲ್ಲಿ ಆರಕ್ಕಾದರೂ ಅಳತೆ ಹೇಳಿಕೊಟ್ಟವನು ನಾನು. ಇವೆಲ್ಲ ಕಾನೂನಿಗೆ ಹೊರಗಿನವು ಎಂಬುದು ಎಲ್ಲರಿಗೂ ತಿಳಿದಿತ್ತು; ಎಲ್ಲರಿಗೂ ತಿಳಿದದ್ದನ್ನು ಯಾರೂ ಮಾತಾಡುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ಬೀದಿಗೆ ಕಾಮಾಲೆ ಬಂತು. ಮೊದಲು ಮೂಲೆಮನೆಯ ಟೈಲರು, ಆಮೇಲೆ ಗಂಗಮ್ಮನ ಗಂಡ, ಆಮೇಲೆ ಎಣಿಸುವುದನ್ನು ಬಿಟ್ಟೆವು. ಹಿಂದಿನ ಸಾಲಿನ ಮನೆಯಲ್ಲಿ ತುಂಬು ಬಸುರಿಯೊಬ್ಬರು ನಾಲ್ಕೇ ದಿನದ ಜ್ವರದಲ್ಲಿ ಎಚ್ಚರ ತಪ್ಪಿ ತೀರಿಕೊಂಡರು. ನಮ್ಮ ಮನೆಯಲ್ಲಿ ಆಗ ನನ್ನ ತಂಗಿ ಶಾರದೆ ಇದ್ದಳು. ಬಾಪೂಜಿ ನಗರದ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆಂದು ಬಂದವಳು, ಆರು ತಿಂಗಳು ತುಂಬಿತ್ತು. ಅವಳನ್ನು ಹಿಂದಕ್ಕೆ ಕಳಿಸೋಣವೆಂದು ನಾನೆಂದರೆ ಅಮ್ಮ ಒಪ್ಪಲಿಲ್ಲ. "ಅವಳಿಗೆ ಎಂಟನೇ ವರ್ಷದಲ್ಲೇ ಕಾಮಾಲೆ ಬಂದು ಹೋಗಿದೆ. ಒಂದ್ಸಲ ಬಂದದ್ದು ಮತ್ತೆ ಬರಲ್ಲ" ಎಂದರು. ನನಗೂ ನೆನಪಿತ್ತು, ಆ ತಿಂಗಳೆಲ್ಲ ಅವಳಿಗೆ ಮಾತ್ರ ಕಬ್ಬಿನ ಹಾಲು ಕೊಡುತ್ತಾರೆಂದು ನಾನು ಅತ್ತಿದ್ದೆ.

ಆ ಸಾವಿನ ಬೆನ್ನಿಗೇ ವೈದ್ಯಕೀಯ ಕಾಲೇಜೊಂದರ ಪ್ರಯೋಗಾಲಯದಿಂದ ಸುಮಿತ್ರಾ ಎಂಬ ಡಾಕ್ಟರು ಬಂದರು. ಕೈಯಲ್ಲಿ ಮಂಜುಗಡ್ಡೆ ತುಂಬಿದ ಥರ್ಮಾಸು, ಹೆಗಲಿನ ಚೀಲದಲ್ಲಿ ಗಾಜಿನ ಕೊಳವೆಗಳು, ಒಂದು ದಪ್ಪ ನೋಟ್‌ಬುಕ್ಕು. ಮನೆಮನೆಗೂ ಹೋಗಿ ರಕ್ತ ತೆಗೆದುಕೊಳ್ಳುತ್ತಿದ್ದರು. ಯಾರಿಗೆ, ಯಾವಾಗ, ಏನು ತಿಂದಿದ್ದಿರಿ, ಎಲ್ಲಿಯ ನೀರು, ಸೂಜಿ ಚುಚ್ಚಿಸಿಕೊಂಡಿದ್ದಿರಾ ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು. ಬೀದಿಯ ನಕ್ಷೆ ಬರೆಯಬಲ್ಲವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದಾಗ ಎಲ್ಲರೂ ನನ್ನತ್ತ ಬೆರಳು ತೋರಿಸಿದರು. ನನಗೆ ಒಳಗೊಳಗೇ ಸಂತೋಷವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಡ್ರಾಯಿಂಗ್ ಹಾಳೆಯ ಮೇಲೆ ಪ್ರತಿ ಮನೆಗೊಂದು ಚೌಕ, ಚರಂಡಿಗೆ ಇಬ್ಬದಿಯ ಗೆರೆ, ಹೊಂಗೆಮರಕ್ಕೆ ಹಸಿರು, ಕಾಮಾಲೆ ಬಂದ ಪ್ರತಿಯೊಬ್ಬರಿಗೂ ಕೆಂಪು ಚುಕ್ಕೆ. ಲೈಟುಕಂಬಗಳನ್ನೂ ಬಿಡಲಿಲ್ಲ. ಬಿಟ್ಟದ್ದು ಹಲಗೆ ಮುಚ್ಚಿದ್ದ ಹನ್ನೊಂದು ಗುಂಡಿಗಳನ್ನು ಮಾತ್ರ. ಮರೆತು ಬಿಟ್ಟೆನೆಂದು ಹೇಳುವ ಹಾಗಿಲ್ಲ. ಗುಂಡಿ ಗುರುತಿಸಿದ ನಕ್ಷೆ ನೀರು ಸರಬರಾಜಿನ ಕಚೇರಿ ಸೇರಿದರೆ ನಲ್ಲಿಗಳು ಕಿತ್ತುಹೋಗುತ್ತವೆ, ಬೀದಿಯೆಲ್ಲ ನನ್ನನ್ನು ಬಯ್ಯುತ್ತದೆ ಎಂದು ಯೋಚಿಸಿಯೇ ಬಿಟ್ಟೆ. ನಕ್ಷೆಯ ಕೆಳಗೆ ಉತ್ತರದಿಕ್ಕಿನ ಬಾಣವನ್ನು ಮಾತ್ರ ಬಹಳ ಚೆಂದವಾಗಿ ಬರೆದಿದ್ದೆ.

ಡಾಕ್ಟರು ಅದನ್ನು ನೋಡಿ ಮೆಚ್ಚಿದರು. ಆಮೇಲೆ, "ಮೇಷ್ಟ್ರೇ, ನನಗೊಂದು ಅರ್ಥ ಆಗ್ತಿಲ್ಲ" ಎಂದರು. "ಮಕ್ಕಳಿಗೆ ಬರೋ ಕಾಮಾಲೆ ಒಮ್ಮೆ ಬಂದ್ರೆ ಮೈ ಅದನ್ನ ನೆನಪಿಟ್ಕೊಳ್ಳುತ್ತೆ, ಮತ್ತೆ ಒಳಗೆ ಬಿಡಲ್ಲ. ಇಲ್ಲಿ ಮಲಗಿರೋರೆಲ್ಲ ದೊಡ್ಡವರು. ಚಿಕ್ಕಂದಿನಲ್ಲಿ ಬಂದಿತ್ತು ಅಂತ ಎಷ್ಟೋ ಜನ ಹೇಳ್ತಾರೆ. ಮೈ ಮರೀತಾ, ಇಲ್ಲ ಬಂದಿರೋದೇ ಬೇರೇನಾ?" ಆ ಪ್ರಶ್ನೆಯ ತೂಕ ನನಗೆ ಆಗ ತಿಳಿಯಲಿಲ್ಲ. ತಿಳಿದದ್ದು ಮೂರನೆಯ ದಿನ. ಶಾರದೆಗೆ ತಲೆ ಬಾಚಲು ಕೂತ ಅಮ್ಮ, ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಬಾಚಣಿಗೆಯನ್ನು ಕೆಳಗಿಟ್ಟರು. ಕಣ್ಣಿನ ಬಿಳಿಯಲ್ಲಿ ಹಳದಿ ಇತ್ತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ನಾವೆಲ್ಲ ಬೇರೆಯವರಿಗೆ ಅನ್ವಯಿಸಿದ್ದೇವೆ. ಪರೀಕ್ಷಿಸಿ ನೋಡಿದವರು ಕಡಿಮೆ. ಏನು ಮಾಡಲೂ ತೋಚದೆ ನಾನು ತಂಗಿಯ ಹಾಸಿಗೆಯ ಪಕ್ಕ ಕೂತು, ಗೋಡೆ ಹೇಗೆ ಕಾಣುತ್ತದೆಂದು ಕೇಳಿದೆ. "ಬೆಳ್ಳಗೇ ಕಾಣ್ತಿದೆ ಕಣೋ ಅಣ್ಣ. ಮೂಲೆಯಲ್ಲಿ ಜೇಡರ ಬಲೆ ಇದೆ, ಅದೂ ಕಾಣ್ತಿದೆ. ನಿನಗೆ ಕಾಣಲ್ವಾ?" ಎಂದಳು. ನನಗೆ ಅಲ್ಲಿಯವರೆಗೂ ಕಂಡಿರಲಿಲ್ಲ.

ಅಮ್ಮ ಹೆಗ್ಗನಹಳ್ಳಿಯಲ್ಲಿ ಕಾಮಾಲೆಗೆ ಔಷಧ ಕೊಡುವ ಮುದುಕರೊಬ್ಬರ ಬಳಿ ಹೋಗಿ ನೆಲನೆಲ್ಲಿಯ ಉಂಡೆ ತಂದರು. ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ, ಉಪ್ಪಿಲ್ಲ, ಎಣ್ಣೆಯಿಲ್ಲ. ಡಾಕ್ಟರು ಬಯ್ಯುತ್ತಾರೆಂದು ಹೆದರಿ ಅದನ್ನು ಬಚ್ಚಿಟ್ಟರೆ, ಅವರು ಕೇಳಿ ತರಿಸಿಕೊಂಡು, ಒಂದು ಚೂರು ಕಾಗದದಲ್ಲಿ ಕಟ್ಟಿಕೊಂಡರು. "ಇದರಲ್ಲಿ ಏನಿದೆ ಅಂತ ಯಾರಾದ್ರೂ ನೋಡ್ಬೇಕಮ್ಮ. ಆದ್ರೆ ಮಜ್ಜಿಗೆಗೆ ಹಾಕೋ ನೀರು ಕುದ್ದಿರಲಿ" ಎಂದರು. ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿ, ಬಸುರಿಯರಿಗೆ ಈ ಕಾಮಾಲೆ ತುಂಬ ಕೆಟ್ಟದ್ದು, ಎರಡು ವಾರ ಕಳೆದರೆ ನಂಬಿಕೆಯಿಡಬಹುದು ಎಂದು ಮೆಲ್ಲಗೆ ಹೇಳಿದರು. ಸುಳ್ಳು ಸಮಾಧಾನ ಹೇಳದ ಅವರ ಮುಂದೆ ನನ್ನ ಸುಳ್ಳು ನಕ್ಷೆ ನಿಲ್ಲಲಿಲ್ಲ. ಹಾಳೆ ತಂದು, ಅಲ್ಲೇ ಜಗುಲಿಯ ಮೇಲೆ ಹರವಿ, ಹನ್ನೊಂದು ಗುಂಡಿಗಳನ್ನೂ ನೀಲಿ ಪೆನ್ಸಿಲಿನಲ್ಲಿ ಗುರುತಿಸಿದೆ. ಮೊದಲನೆಯದು ನಮ್ಮದು.

ಅವರು ಕೋಪಿಸಿಕೊಳ್ಳಲಿಲ್ಲ. ಕಾಲುವಾಸಿ ಕೆಂಪು ಚುಕ್ಕೆಗಳು ಮಾತ್ರ ನೀಲಿ ಗುರುತಿಲ್ಲದ ಮನೆಗಳಲ್ಲಿದ್ದವು. "ನೀರು ನಿಂತ ಮೇಲೆ ಇವು ಏನು ಮಾಡ್ತವೆ?" ಎಂದು ಕೇಳಿದರು. ಏನೂ ಮಾಡುವುದಿಲ್ಲ, ಸುಮ್ಮನಿರುತ್ತವೆ ಎಂದೆ.

ಮಾರನೆಯ ಬೆಳಗ್ಗೆ ನೀರು ನಿಲ್ಲುವ ಹೊತ್ತಿಗೆ ಬಂದು, ಸೀರೆಯ ನೆರಿಗೆ ಎತ್ತಿ ಹಿಡಿದು ಗುಂಡಿಗಿಳಿದರು. ನಲ್ಲಿಯ ಧಾರೆ ದಾರವಾಗಿ, ಹನಿಯಾಗಿ, ನಿಂತಿತು. ನಲ್ಲಿಯನ್ನು ಮುಚ್ಚಬೇಡಿ ಎಂದು ಹೇಳಿ, ನನ್ನ ನಕ್ಷೆಯ ಮೂಲೆಯಿಂದ ರೂಪಾಯಿಯಗಲ ಕಾಗದ ಹರಿದು ನಲ್ಲಿಯ ಬಾಯಿಗೆ ಹಿಡಿದು ಕೈ ಬಿಟ್ಟರು. ಕಾಗದ ಬೀಳಲಿಲ್ಲ. ನಲ್ಲಿ ಅದನ್ನು ಕಚ್ಚಿ ಹಿಡಿದು, ಸಣ್ಣಗೆ ಉಸಿರೆಳೆಯುತ್ತಿತ್ತು.

ನಮ್ಮ ಮನೆ ಇರುವುದು ಬೀದಿಯ ಎತ್ತರದ ತುದಿಯಲ್ಲಿ. ಮೇಲಿನಿಂದ ನೀರು ನಿಂತೊಡನೆ ಕೊಳಾಯಿಯೊಳಗೆ ಉಳಿದದ್ದು ತಗ್ಗಿನ ಮನೆಗಳತ್ತ ಜಾರುತ್ತದೆ, ಜಾರುತ್ತಾ ತೆರೆದ ನಲ್ಲಿಯಲ್ಲಿ ಸಿಕ್ಕಿದ್ದನ್ನು ಹಿಂದಿನಿಂದ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಚರಂಡಿ ಉಕ್ಕಿ ಗುಂಡಿ ತುಂಬಿ, ನಲ್ಲಿ ಮುಳುಗಿರುತ್ತಿದ್ದ ದಿನಗಳನ್ನು ನಾನು ಕಂಡಿದ್ದೆ. ಆ ನೀರು ತಾನಾಗಿ ಇಳಿದುಹೋಗುವುದನ್ನೂ ಕಂಡು, ಮಣ್ಣು ಕುಡಿಯಿತೆಂದು ತಿಳಿದಿದ್ದೆ. ಕುಡಿದದ್ದು ಕೊಳಾಯಿ. ಮಾರನೆಯ ಜಾವ ಅದೇ ನೀರನ್ನು ಬೀದಿಗೆಲ್ಲ ಹಂಚುತ್ತಿತ್ತು, ನಮ್ಮ ಬಿಂದಿಗೆ ಉತ್ಸಾಹದಿಂದ ಕೂಗುತ್ತಿತ್ತು. ನೀರು ತಗ್ಗನ್ನು ಹುಡುಕುತ್ತದೆಂದು ಏಳು ವರ್ಷ ಪಾಠ ಹೇಳಿದವನು ಆ ಮಾತಿನ ಉಳಿದರ್ಧವನ್ನು ಗುಂಡಿಯಲ್ಲಿ ನಿಂತು ಕಲಿತೆ.

ತೀರಿಕೊಂಡವರ ಮನೆಗೆ ಹೋದದ್ದು ನಮ್ಮ ಗುಂಡಿಯ ನೀರೇ ಎಂದು ನಾನು ಕೇಳಿಯೇಬಿಟ್ಟೆ. ಡಾಕ್ಟರು ನಕ್ಷೆಯ ನೀಲಿ ಗುರುತುಗಳನ್ನು ಎಣಿಸಿ, "ಗೊತ್ತಿಲ್ಲ ಮೇಷ್ಟ್ರೇ. ಗೊತ್ತಾಗೋದೂ ಇಲ್ಲ. ಹನ್ನೊಂದಿವೆ" ಎಂದರು. ಆ ಉತ್ತರ ನನ್ನೊಂದಿಗೆ ಇಂದಿಗೂ ಇದೆ. ಅದನ್ನು ಕಳೆದುಕೊಳ್ಳುವ ಪ್ರಯತ್ನ ಮಾಡಿಲ್ಲ.

ನಮ್ಮ ಗುಂಡಿಯನ್ನು ಅಂದೇ ಮುಚ್ಚಿದೆ. ಬೇರೆಯವರಿಗೆ ಹೇಳಲು ಹೋದಾಗ ಗಂಗಮ್ಮ, "ಅಗೀರಿ ಅಂದೋರೂ ನೀವೇ, ಮುಚ್ಚಿ ಅನ್ನೋರೂ ನೀವೇ. ನಾಳೆ ಬಾವಿ ತೋಡಿ ಅಂದ್ರೆ ಹಾರೆ ಮಡಿಕ್ಕೊಂಡಿರ್ತೀನಿ" ಎಂದು ಚುಚ್ಚಿದರು. ವಾದಿಸದೆ, ಮಾರನೆಯ ಬೆಳಗ್ಗೆ ನೀರು ನಿಂತೊಡನೆ ಅವರನ್ನು ಅವರದೇ ಗುಂಡಿಗಿಳಿಸಿ, ಒಂದು ಚೂರು ಕಾಗದ ಕೈಗೆ ಕೊಟ್ಟೆ. ನಲ್ಲಿ ಅದನ್ನು ಹಿಡಿದುಕೊಂಡಿತು. ಗಂಗಮ್ಮ ಕಾಗದವನ್ನು ಎರಡು ಸಲ ಕಿತ್ತು, ಎರಡು ಸಲ ಅಂಟಿಸಿ ನೋಡಿದರು. ಆಮೇಲೆ ಮನೆಯೊಳಗೆ ಹೋಗಿ, ಮಲಗಿದ್ದ ಗಂಡನಿಗೆ ಕುಡಿಯಲೆಂದು ಇಟ್ಟಿದ್ದ ಚೊಂಬಿನ ನೀರನ್ನು ತಂದು ಚರಂಡಿಗೆ ಸುರಿದರು. ಉಳಿದ ಮನೆಗಳಿಗೆ ನಾನು ಹೋಗಬೇಕಾಗಲಿಲ್ಲ, ಅವರೇ ಹೋದರು.

ಎರಡು ವಾರಗಳನ್ನು ನಾನು ಶಾರದೆಯ ಕಣ್ಣುಗಳಲ್ಲಿ ಎಣಿಸಿದೆ. ಎಂಟನೆಯ ದಿನ ಕರೆದರೆ ಅವಳು ತಡವಾಗಿ ಓಗೊಟ್ಟಳು. ಅಮ್ಮ ದೇವರ ಮನೆಗೂ ಹೋಗದೆ ಅವಳ ಕಾಲು ಹಿಡಿದು ಕೂತರು. ಹತ್ತನೆಯ ದಿನ ಬೆಳಗ್ಗೆ ಅವಳು ತಾನಾಗಿ, "ಹುಳಿ ಬೇಕು. ಉಪ್ಪು ಹಾಕಿರೋ ಹುಳಿ" ಎಂದಾಗ ಅಮ್ಮ ಅತ್ತರು. ಹಳದಿ ನಿಧಾನವಾಗಿ, ಬಣ್ಣದ ಬಟ್ಟೆ ತೊಳೆದ ನೀರು ತಿಳಿಯಾಗುವಂತೆ, ಇಳಿಯಿತು. ಹೆಣ್ಣು ಮಗು ಮೂರು ವಾರ ಮುಂಚೆ ಹುಟ್ಟಿತು. ಸಣ್ಣದು, ಆದರೆ ಗಂಟಲು ಗಟ್ಟಿ.

ಆರು ತಿಂಗಳ ಮೇಲೆ ಡಾಕ್ಟರು ಮತ್ತೆ ಥರ್ಮಾಸು ಹಿಡಿದು ಬಂದು ಶಾರದೆಯ ರಕ್ತ ತೆಗೆದುಕೊಂಡರು. ಬೀದಿಯ ರಕ್ತವನ್ನೆಲ್ಲ ಪರೀಕ್ಷಿಸಿದ್ದರು. ಸೂಜಿಯಿಂದ ಹರಡುವ ಕಾಮಾಲೆ ಅದಲ್ಲ, ಮಕ್ಕಳಿಗೆ ಬರುವುದೂ ಅಲ್ಲ. "ನಿಮ್ಮ ಮೈ ಮರೆತಿರಲಿಲ್ಲಮ್ಮ, ಬಂದವನೇ ಹೊಸಬ. ಅವನಿಗಿನ್ನೂ ಹೆಸರಿಲ್ಲ" ಎಂದು ಶಾರದೆಗೆ ಹೇಳಿದರು. ಹೆಸರಿಲ್ಲದವನನ್ನು ಹುಡುಕುವುದು ಹೇಗೆಂದು ನಾನು ಕೇಳಿದೆ. ಅವರು ಕೊಳವೆಯನ್ನು ಬೆಳಕಿಗೆ ಹಿಡಿದು, ಕಾಯಿಲೆಯಲ್ಲಿ ತೆಗೆದ ರಕ್ತದಲ್ಲಿ ಪ್ರಶ್ನೆಯಿದೆ, ವಾಸಿಯಾದ ಮೇಲೆ ತೆಗೆದದ್ದರಲ್ಲಿ ಮೈ ಬರೆದ ಉತ್ತರವಿದೆ, ಎರಡನ್ನೂ ಜೋಡಿಯಾಗಿ ಮಂಜಿನಲ್ಲಿಟ್ಟಿರುತ್ತೇವೆ, ಓದಲು ಬಲ್ಲವರು ಬಂದೇ ಬರುತ್ತಾರೆ ಎಂದರು. ಇಷ್ಟೊಂದು ನಂಬಿಕೆಯನ್ನು ಇಷ್ಟು ಸಣ್ಣ ಗಾಜಿನಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಮೂಲೆ ಹರಿದ ನನ್ನ ನಕ್ಷೆಯೂ ಆ ಕೊಳವೆಗಳ ಜೊತೆಯಲ್ಲಿದೆಯಂತೆ.

ಈಗ ನಮ್ಮ ನಲ್ಲಿ ನೆಲದ ಮೇಲಿದೆ, ಮೊಳದೆತ್ತರದಲ್ಲಿ. ಧಾರೆ ಬೆರಳಿಗಿಂತ ಸಣ್ಣದು. ಬಿಂದಿಗೆ ತುಂಬಲು ಕಾಲು ಗಂಟೆ ಬೇಕು. ಸಂಜೆಯೇ ನಲ್ಲಿಯನ್ನು ಬಿಗಿಯಾಗಿ ಮುಚ್ಚಿ, ಮತ್ತೊಮ್ಮೆ ಹೋಗಿ ಮುಟ್ಟಿ ನೋಡಿ, ಅಲಾರಾಂ ಗಡಿಯಾರಕ್ಕೆ ಕೀಲಿ ಕೊಡುತ್ತೇನೆ. ನೀರು ಬಂತೆಂಬುದು ಅದಕ್ಕೆ ಈಗಲೂ ತಿಳಿಯದು. ಆದ್ದರಿಂದ ಒಮ್ಮೊಮ್ಮೆ ಒಣ ನಲ್ಲಿಯ ಮುಂದೆ ಅರ್ಧ ಗಂಟೆ ಕೂರುವುದೂ ಉಂಟು. ರಜೆಗೆ ಬಂದ ದಿನಗಳಲ್ಲಿ ಶಾರದೆಯ ಮಗಳು ಎದ್ದು ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಾಳೆ. ನೀರು ಕತ್ತಿಗೆ ಏರಿ ಸ್ವರ ಮೇಲಾದಾಗ ಅವಳು, "ಮಾಮ, ತುಂಬ್ತು" ಎಂದು ಕೈ ತಟ್ಟುತ್ತಾಳೆ. ನಾನು ಬಿಂದಿಗೆಯನ್ನೆತ್ತಿ ಕುದಿಸಲು ಒಳಗೆ ಒಯ್ಯುತ್ತೇನೆ. ಆ ಸದ್ದು ನನ್ನನ್ನು ಈಗ ಎಬ್ಬಿಸುವುದಿಲ್ಲ; ಎಚ್ಚರವಾಗಿ ಕೂತವನಿಗೆ ಕೇಳಿಸುತ್ತದೆ.