ಡಾಕ್ಟರ ಮನೆಗೆ ಹೋದ ಉಕ್ಕಿನ ಕುರ್ಚಿ

ಪ್ಯಾರಿಸ್‌ನ ನಮ್ಮ ಬಡಗಿಗಳ ಬೀದಿಯಲ್ಲಿ ಆನ್ಸೆಲ್ಮ್ ಮಾರ್ಶೆ ಕೆತ್ತಿದ ಗುಲಾಬಿಗೆ ದುಂಬಿ ಬಂದು ಕೂರುತ್ತದೆ ಎನ್ನುತ್ತಿದ್ದರು. ರಾಜರ ಕಾಲದ ಮಾದರಿಯ ಕುರ್ಚಿಗಳಿಗೆ ಅವನು ಹೂಬಳ್ಳಿ ಕೆತ್ತುತ್ತಿದ್ದ, ಮಗಳು ಒದೀಲ್ ಮೆರುಗು ಹಾಕುತ್ತಿದ್ದಳು. ಪಕ್ಕದಂಗಡಿಯಲ್ಲಿ ಚರ್ಮ ಹೊಲಿಯುತ್ತಿದ್ದ ನನಗೆ ಅವಳ ಗೊಣಗಾಟ ದಿನಾ ಕೇಳಿಸುತ್ತಿತ್ತು.

೧೯೨೬ರ ಸುಮಾರಿಗೆ ಅವಳು ಚಿತ್ರಕಾರನೊಬ್ಬನ ಮನೆಗೆ ಕುರ್ಚಿ ತಲುಪಿಸಲು ಹೋದಳು. ಅಲ್ಲೊಂದು ಕ್ಯೂಬಿಸ್ಟ್ ಚಿತ್ರ: ಗಿಟಾರನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಒಟ್ಟಿಗೇ ನೋಡಿ ಜೋಡಿಸಿದಂತಿತ್ತು. ಪಕ್ಕದಲ್ಲಿ ಡಚ್ಚರ ಹೊಸ ಬಗೆಯ ಚಿತ್ರ, ಬರೀ ಕಪ್ಪು ಗೆರೆ, ಕೆಂಪು ಹಳದಿ ಚೌಕ. ಅಂದಿನಿಂದ ಹೂಬಳ್ಳಿ ಕಂಡರೆ ಅವಳಿಗೆ ಉಸಿರುಗಟ್ಟುತ್ತಿತ್ತು.

“ಅಪ್ಪ, ಕೂರೋಕೆ ಗುಲಾಬಿ ಯಾಕೆ?”

“ಆ ಗುಲಾಬೀನೇ ಕಣೇ ನಿನ್ನ ಹೊಟ್ಟೆ ತುಂಬಿಸಿದ್ದು.”

ಮಾತಿಗೆ ಮಾತು ಬೆಳೆದು ಅವಳು ಮನೆ ಬಿಟ್ಟಳು. ಸೈಕಲ್ ಕಾರ್ಖಾನೆ ಸೇರಿ ಉಕ್ಕಿನ ಕೊಳವೆ ಬಗ್ಗಿಸಲು ಕಲಿತಳು. ಮೊದಮೊದಲು ಬಗ್ಗಿಸಿದಲ್ಲೆಲ್ಲ ಕೊಳವೆ ನೆಗ್ಗುತ್ತಿತ್ತು. ಆಮೇಲೆ ಒಳಗೆ ಮರಳು ತುಂಬಿ ಬಗ್ಗಿಸಿದಳು. ಅಂತೂ ಹೂಬಳ್ಳಿಯಿಲ್ಲದ, ಬರೀ ಕೊಳವೆಯ ಒಂದು ಕುರ್ಚಿಯಾಯಿತು. ಆಸನದ ಚರ್ಮ ನಾನೇ ಹೊಲಿದೆ.

“ಆಸ್ಪತ್ರೆ ಮಂಚ ಮರಿ ಹಾಕಿದೆ” ಎಂದು ಬೀದಿಯವರು ನಕ್ಕರು. ಆದರೆ ಡಾಕ್ಟರ್ ತೆವ್ನೋ ಅದನ್ನು ಕೊಂಡು ತಮ್ಮ ಮನೆಯಲ್ಲೇ ರೋಗಿಗಳು ಕಾಯುವ ಕೋಣೆಯಲ್ಲಿ ಇಟ್ಟರು.

ಮಾರಿದ ಮೇಲೂ ಒದೀಲ್‌ಗೆ ನೆಮ್ಮದಿಯಿಲ್ಲ. ಆಗಾಗ ಹೋಗಿ ರೋಗಿಗಳ ನಡುವೆ ಕೂತು ಕುರ್ಚಿಯನ್ನೇ ನೋಡುವಳು.

“ನಿಮಗೇನಮ್ಮ ಕಾಯಿಲೆ?” ಎಂದರು ಡಾಕ್ಟರ್.

“ನನಗಲ್ಲ. ಕುರ್ಚಿಗೇ ಏನೋ ಆಗಿದೆ.”

ಒಂದು ದಿನ ತುಂಬು ಗರ್ಭಿಣಿಯೊಬ್ಬಳು ಅದರಲ್ಲಿ ಕೂತಳು. ಡಾಕ್ಟರ್ ಕರೆದಾಗ ಆ ತಗ್ಗಾದ ಆಸನದಿಂದ ಏಳಲಾಗದೆ ಒದ್ದಾಡಿದಳು. ಯಾರೋ ಕಿಸಕ್ಕೆಂದರು, ಅವಳ ಕಣ್ಣು ತುಂಬಿತು. ಒದೀಲ್ ಕೈಹಿಡಿದು ಅವಳನ್ನು ಎಬ್ಬಿಸಿದಳು. “ಸರಿಮಾಡಿ ತರ್ತೀನಿ” ಎಂದವಳೇ ಕುರ್ಚಿ ಹೊತ್ತು ನೇರ ಅಪ್ಪನ ಅಂಗಡಿಗೆ ಬಂದಳು.

ಅವನು ತಲೆಯೆತ್ತಲಿಲ್ಲ. “ಗುಲಾಬಿ ಬೇಕಾಯ್ತಾ?”

“ಗುಲಾಬಿ ಬೇಡ, ಎತ್ತರ ಬೇಕು. ನಿನ್ನ ಕುರ್ಚಿಯಿಂದ ಮುದುಕೀರೂ ಸಲೀಸಾಗಿ ಏಳ್ತಾರಲ್ಲ, ಹೇಗೆ?”

ಆನ್ಸೆಲ್ಮ್ ಉಳಿ ಕೆಳಗಿಟ್ಟು ತನ್ನ ಕುರ್ಚಿ ಎಳೆದ. “ಕೂರು.” ಕೂತಳು. “ಏಳು. ಕೈ ಎಲ್ಲಿ ಊರಿದೆ ನೋಡ್ಕೊ.” ಸಂಜೆಯವರೆಗೂ ಅವಳನ್ನು ಕೂರಿಸಿದ, ಎಬ್ಬಿಸಿದ.

ಒದೀಲ್ ಹೊಸ ಕೊಳವೆ ಬಗ್ಗಿಸಿ ಮತ್ತೆ ಮಾಡಿದ ಕುರ್ಚಿಯ ಆಸನ ಎತ್ತರವಾಯಿತು, ತೋಳು ಮುಂದೆ ಬಂತು. ಕೈಯೂರುವಲ್ಲಿಗೆ ಆನ್ಸೆಲ್ಮ್ ಎರಡು ಮರದ ಪಟ್ಟಿ ಮಾಡಿಕೊಟ್ಟ, ನುಣುಪಾಗಿ, ಒಂದು ಎಲೆಯೂ ಇಲ್ಲದೆ.

ಕೊಡಲು ಹೋಗುವಾಗ ನಾನೂ ಜೊತೆಗಿದ್ದೆ. ಒದೀಲ್ ದಾರಿಯಲ್ಲೇ ಅದನ್ನು ಇಳಿಸಿ ಸುತ್ತು ಬಂದಳು. “ಬೆನ್ನು ಇನ್ನೂ ಸ್ವಲ್ಪ ಬಾಗಬೇಕಿತ್ತು.”

“ಕೊಟ್ಟು ಬಾ, ಮಾರಾಯ್ತಿ” ಎಂದೆ ನಾನು.

ಕೊಟ್ಟಳು. ಡಾಕ್ಟರ ಮನೆಯ ಕಾಫಿಯನ್ನೂ ಕುಡಿಯದೆ, ಮುಂದಿನ ಕುರ್ಚಿಯ ಬೆನ್ನು ಬಗ್ಗಿಸಲು ಕಾರ್ಖಾನೆಗೆ ಓಡಿದಳು.