ದುಬಾರಿ ಬ್ರಷ್ಷು ಮತ್ತು ಭಾನುವಾರದ ಗಡ್ಡ

ನಿನ್ನೆ ಕೊಂಡ ಶೇವಿಂಗ್ ಬ್ರಷ್ಷನ್ನು ಬೆಳಿಗ್ಗೆ ಬಿಸಿನೀರಿಗೆ ಅದ್ದಿದೆ. ಮಳೆಯಲ್ಲಿ ನೆಂದ ಆಡಿನ ವಾಸನೆ ಬಂತು. ಹೊಸ ಬ್ರಷ್ಷಿಗೆ ಮೊದಲ ನಾಲ್ಕೈದು ದಿನ ಹೀಗೇ, ನಿಮಗೂ ಗೊತ್ತಿರಬಹುದು. ನನಗಂತೂ ಆ ವಾಸನೆಯ ಬೆನ್ನಿಗೇ ಜಯನಗರದ ನಮ್ಮ ಬಾಡಿಗೆ ಮನೆಯ ಹಿತ್ತಲು, ಒಗೆಯುವ ಕಲ್ಲು, ಅದರ ಮೇಲೆ ಗೋಡೆಗೆ ಒರಗಿಸಿದ ಕನ್ನಡಿ ಎಲ್ಲವೂ ಬಂದುಬಿಡುತ್ತವೆ.

ಹತ್ತು ವರ್ಷದ ಹಿಂದಿನ, ಎಪ್ಪತ್ತರ ದಶಕದ ಕೊನೆಯ ಮಾತು. ಹತ್ತೊಂಬತ್ತರ ನಾನು ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದೆ. ದಿನವೂ ಡೈರಿ ಬರೆಯುತ್ತಿದ್ದೆ. ಅದರಲ್ಲಿ ಮನಸ್ಸಿನ ಮಾತು ಒಂದೂ ಇರುತ್ತಿರಲಿಲ್ಲ. ಬಸ್ಸು ಎಷ್ಟು ನಿಮಿಷ ತಡ, ತಿಂದ ಇಡ್ಲಿ ಎಷ್ಟು, ಲಾಲ್‌ಬಾಗಿನಲ್ಲಿ ಹಾಕಿದ ಸುತ್ತು ಎಷ್ಟು, ಇಷ್ಟೇ. ಇಡ್ಲಿಯ ಲೆಕ್ಕ ಯಾರಿಗಾಗಿ ಇಟ್ಟೆನೋ ಇವತ್ತಿಗೂ ತಿಳಿದಿಲ್ಲ.

ಮೊದಲ ಸ್ಟೈಪೆಂಡ್ ಬಂದ ಸಂಜೆ ಫಾರಿನ್ ಸಾಮಾನಿನ ಅಂಗಡಿಯೊಂದಕ್ಕೆ ಹೊಕ್ಕೆ. ಅಂಗಡಿಯವರು ಬ್ರಷ್ಷೊಂದನ್ನು ತೆಗೆದು ನನ್ನ ಕೆನ್ನೆಗೆ ಸವರಿದರು.

"ಬ್ಯಾಡ್ಜರ್ ಕೂದಲು ಸಾರ್. ಹೊಸದಾಗಿ ಶೇವ್ ಮಾಡ್ಕೊಳೋರಿಗೆ ಇದೇ ಬೇಕು. ಗಾಯಾನೇ ಆಗಲ್ಲ."

ಅಲ್ಲಿಯವರೆಗೆ ನನ್ನನ್ನು ಯಾರೂ ಸಾರ್ ಎಂದಿರಲಿಲ್ಲ. ಸ್ಟೈಪೆಂಡಿನ ಮೂರನೇ ಒಂದು ಪಾಲು ಅಲ್ಲೇ ಹೋಯಿತು.

ಮನೆಯಲ್ಲಿ ಅಜ್ಜಿ ಅದನ್ನು ದೂರದಿಂದಲೇ ನೋಡಿದರು. "ಎಂಥಾ ಪ್ರಾಣಿನೋ ಅದು? ಹುಲ್ಲು ತಿನ್ನತ್ತಾ?"

"ಗೊತ್ತಿಲ್ಲ ಅಜ್ಜಿ."

"ಏನು ತಿನ್ನತ್ತೆ ಅಂತ ಗೊತ್ತಿಲ್ದೇ ಇರೋದನ್ನ ಮುಖಕ್ಕೆ ಹಚ್ಕೋತಾನಂತೆ. ಬಚ್ಚಲಿಗೆ ತರಬೇಡ, ಹಿತ್ತಲಲ್ಲಿ ಇಟ್ಕೋ."

ಅಪ್ಪನ ಮಾತು ಬೇರೆಯಾಗಿತ್ತು. "ಕೇಳಿದ್ರೆ ಬೇಡ ಅಂತೀನಿ ಅಂತ ತಾನೇ ಕೇಳ್ದೇ ತಂದೆ?" ಅವರದು ಮದುವೆಯ ವರ್ಷ ಕೊಂಡ ಮರದ ಹಿಡಿಯ ಬ್ರಷ್ಷು, ಅರ್ಧ ಕೂದಲು ಉದುರಿ ಮೊಂಡಾಗಿತ್ತು. ಅದರಲ್ಲೇ ನಾನೂ ಕಲಿತದ್ದು.

"ಇದು ನಿಮ್ಮದಕ್ಕಿಂತ ಒಳ್ಳೇದು ಅಂತ ತೋರಿಸ್ತೀನಿ," ಎಂದೆ.

"ತೋರ್ಸು. ನಿಂದು ಗೆದ್ರೆ ನನ್ನ ಬ್ರಷ್ಷು ಕಸಕ್ಕೆ. ನಿನ್ನ ಸಂಬಳ ನಿನ್ನಿಷ್ಟ. ಸೋತ್ರೆ, ಮದುವೆ ಆಗೋವರೆಗೂ ನನ್ನ ಕೇಳ್ದೇ ಒಂದು ಕರ್ಚೀಫೂ ತಗೋಬಾರ್ದು."

ಡೈರಿಯಲ್ಲಿ ಗೆರೆ ಹಾಕಿ ಎರಡು ಕಾಲಂ ಮಾಡಿದೆ. ಪಕ್ಷಪಾತವಾಗಬಾರದೆಂದು ನನ್ನ ಗಡ್ಡಕ್ಕೆ ಒಂದು ಸಲ ಅಪ್ಪನ ಬ್ರಷ್ಷು, ಮುಂದಿನ ಸಲ ನನ್ನದು. ಬ್ಲೇಡು ಒಂದೇ ಜಾತಿಯದು, ಸೋಪು ಒಂದೇ. ರಕ್ತ ಕಂಡರೆ ಒಂದು ಗೀಟು. ಮಂಗಳವಾರ, ಶುಕ್ರವಾರ, ಶನಿವಾರ ಗಡ್ಡ ಮುಟ್ಟಲು ಅಜ್ಜಿ ಬಿಡುತ್ತಿರಲಿಲ್ಲವಾದ್ದರಿಂದ ವಾರಕ್ಕೆ ನಾಲ್ಕೇ ಶೇವು. ಎಂಟು ವಾರಕ್ಕೆ ಅಪ್ಪನ ಬ್ರಷ್ಷಿನ ಲೆಕ್ಕಕ್ಕೆ ಮೂವತ್ತೊಂದು ಗಾಯ, ನನ್ನದಕ್ಕೆ ಒಂಬತ್ತು.

ಅಪ್ಪ ಪುಟವನ್ನು ಎರಡು ಸಲ ಓದಿದರು. ತಮ್ಮ ಬ್ರಷ್ಷನ್ನು ಒಯ್ದು ಹಿತ್ತಲಿನ ಕಸದ ಡಬ್ಬಕ್ಕೆ ಹಾಕಿದರು. ಮರುದಿನ ನಾನು ಹಲ್ಲುಜ್ಜಲು ಹೋದಾಗ ಕನ್ನಡಿಯ ಮುಂದೆ ನಿಂತು ಬೆರಳಿನಿಂದಲೇ ಕೆನ್ನೆಗೆ ಸೋಪು ತಿಕ್ಕಿಕೊಳ್ಳುತ್ತಿದ್ದರು. ನನ್ನ ಬ್ರಷ್ಷು ಪಕ್ಕದಲ್ಲೇ ಇತ್ತು.

ಅವತ್ತು ಸಂಜೆ ಅಜ್ಜಿ ಹುರುಳಿಕಾಯಿ ಸೋಸುತ್ತಾ ಕೇಳಿದರು: "ನಿನ್ನ ಬ್ರಷ್ಷಿನ ಸರದಿ ಯಾವ್ಯಾವ ವಾರವೋ ಬರ್ತಿತ್ತು?"

ಡೈರಿ ತೆರೆದೆ. "ಸೋಮವಾರ, ಗುರುವಾರ."

"ನಿಮ್ಮಪ್ಪಂದು?"

"ಭಾನುವಾರ, ಬುಧವಾರ. ಯಾಕೆ?"

"ಭಾನುವಾರದ ಗಡ್ಡ ಮೂರು ದಿನದ್ದು. ಬುಧವಾರದ್ದು ಎರಡು ದಿನದ್ದು. ನಿನ್ನ ಬ್ರಷ್ಷಿಗೆ ಸಿಕ್ಕಿದ್ದು ಯಾವತ್ತೂ ಹಿಂದಿನ ದಿನ ಹೆರೆದ ಗಡ್ಡಾನೇ ಅಲ್ವೇನೋ? ಕಳೆ ಕಿತ್ತ ಮಾರನೇ ದಿನ ತೋಟಕ್ಕೆ ಹೋಗಿ ಕಳೇನೇ ಇಲ್ಲ ಅಂದ ಹಾಗಾಯ್ತು."

ಪುಟಗಳನ್ನು ತಿರುವಿದೆ. ಹದಿನಾರಕ್ಕೆ ಹದಿನಾರೂ ಸಲ ಹಾಗೇ. ಸರದಿಯಂತೆ ಬದಲಿಸಿದ್ದೇ ಲೆಕ್ಕವನ್ನು ಕೆಡಿಸಿತ್ತು.

"ಅಪ್ಪಂಗೆ ಹೇಳಿದ್ರಾ?"

"ಲೆಕ್ಕ ನಿಂದು. ನಾನ್ಯಾಕೆ ಹೇಳ್ಲಿ?" ಅಜ್ಜಿ ಮತ್ತೊಂದು ಕಾಯಿಯ ನಾರು ತೆಗೆದರು.

ಒಂದು ದಿನ ಸುಮ್ಮನಿದ್ದೆ. ಸುಳ್ಳು ಹೇಳುವುದೇಕೆ, ಎರಡು ದಿನ. ಗೆದ್ದ ಸ್ವಾತಂತ್ರ್ಯ ಕೈಯಲ್ಲಿತ್ತು, ಮುಂದಿನ ಸ್ಟೈಪೆಂಡಿಗೆ ಒಂದು ವಾಚು ಕೂಡ ನೋಡಿಟ್ಟಿದ್ದೆ. ಮೂರನೆಯ ಬೆಳಿಗ್ಗೆ ಅಪ್ಪನ ಗದ್ದದ ಗಾಯಕ್ಕೆ ಒತ್ತಿದ ಪತ್ರಿಕೆಯ ಚೂರು ಕೆಂಪಾಗಿತ್ತು. ಡಬ್ಬ ಕೆದಕಿದೆ. ಬ್ರಷ್ಷು ಇರಲಿಲ್ಲ. ಅದರಿಂದ ಅಮ್ಮ ಹೊಲಿಗೆ ಯಂತ್ರದ ಧೂಳು ಹೊಡೆಯುತ್ತಿದ್ದರು. ಇಸಿದುಕೊಂಡು, ತೊಳೆದು, ಡೈರಿಯ ಜೊತೆ ಅಪ್ಪನ ಮುಂದಿಟ್ಟು ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡೆ.

ಅಪ್ಪ ಬ್ರಷ್ಷಿನ ಕೂದಲನ್ನು ಹೆಬ್ಬೆರಳಿನಿಂದ ಸವರುತ್ತಾ ಕೇಳಿದರು: "ಮುಂದಿನ ತಿಂಗಳು ಏನು ತಗೋಬೇಕು ಅಂತಿದೀಯ?"

ಷರತ್ತು ಜಾರಿಗೆ ಬಂತೆಂದುಕೊಂಡೆ. "ವಾಚು... ನೀವು ಬೇಡ ಅಂದ್ರೆ—"

"ತಗೊಂಡ್ಮೇಲೆ ಹೇಳು," ಎಂದು ಸೋಪಿನ ಬಟ್ಟಲು ಎಳೆದುಕೊಂಡರು.

ಪ್ರತಿ ವಾರವೂ ಎರಡು ಬ್ರಷ್ಷಿನ ದಿನಗಳನ್ನು ಅದಲುಬದಲು ಮಾಡುತ್ತಾ ಮತ್ತೆ ಎಂಟು ವಾರ ಲೆಕ್ಕವಿಟ್ಟೆ. ಗಾಯ ಅಪ್ಪನ ಬ್ರಷ್ಷಿಗೆ ಐದು, ನನ್ನದಕ್ಕೆ ಆರು. ಅಷ್ಟರಲ್ಲಿ ಕೈ ಕಲಿತಿತ್ತು. ಹೊಸಬರಿಗೆ ದುಬಾರಿ ಬ್ರಷ್ಷು ಬೇಕೇ ಎಂದರೆ ನನ್ನ ಡೈರಿ ಹೇಳುವುದು ಇಷ್ಟೇ: ನೊರೆ ಮೆತ್ತಗಿರುತ್ತದೆ, ಗಾಯ ಅಷ್ಟೇ ಇರುತ್ತದೆ.

ಆ ವಾಚಿನಿಂದ ಮೊದಲುಗೊಂಡು ಈ ಹತ್ತು ವರ್ಷಗಳಲ್ಲಿ ಏನೇ ಕೊಂಡರೂ ಕೊಂಡ ಮೇಲೆಯೇ ಅಪ್ಪನಿಗೆ ಹೇಳುತ್ತಾ ಬಂದಿದ್ದೇನೆ. ಈಗ ಜೆ.ಪಿ. ನಗರದಲ್ಲಿ ಒಂದು ಸೈಟು ನೋಡಿದ್ದೇನೆ. ಇದನ್ನು ಮಾತ್ರ ಮುಂಚೆಯೇ ಕೇಳೋಣವೆನ್ನಿಸುತ್ತಿದೆ. ಅವರು ಹೊರಗೆ ಪೇಪರ್ ಓದುತ್ತಿದ್ದಾರೆ. ಹೇಗೆ ಶುರು ಮಾಡಬೇಕೋ ತಿಳಿಯದೆ ಕುಳಿತಿದ್ದೇನೆ.