ಕಂಪ್ರೆಸರ್ ಶೆಡ್ಡಿನ ಅಕ್ಕ

ಕಂಪ್ರೆಸರನ್ನು ಗುಜರಿಗೆ ಹಾಕುತ್ತೇನೆ ಎಂದು ತಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಸಿಟ್ಟು ಬಂತು. ಹೋಳೂರಿನ ಹತ್ತಿರ ನಮ್ಮ ಹೊಲದ ತಗಡಿನ ಶೆಡ್ಡಿನಲ್ಲಿ ಅದು ವರ್ಷಗಳಿಂದ ಸುಮ್ಮನೆ ಕೂತಿತ್ತು. ಕೋಳಿಗಳು ಅದರ ಮೇಲೆ ಮಲಗುತ್ತಿದ್ದವು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ, ಒಂದು ಸಲ ಓಡಿಸದೆ ಅದನ್ನು ಕೊಟ್ಟರೆ ನಿನ್ನ ಮನೆ ಹೊಸಲು ತುಳಿಯುವುದಿಲ್ಲ ಎಂದುಬಿಟ್ಟೆ. ಅವನು ನಕ್ಕ. ನನ್ನ ಮೂಗಿನ ತುದಿಯ ಕೋಪ ಅವನಿಗೆ ಹೊಸದಲ್ಲ.

ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಕಂಪ್ರೆಸರ್ ಅಲ್ಲ, ಅಕ್ಕನ ಮಾತು.

ಅಕ್ಕನನ್ನು ಆವನಿ ಊರಿನ ಕಡೆಗೆ ಕೊಟ್ಟಿದೆ. ಮದುವೆಯಾದ ಮೇಲೆ ನಿಧಾನವಾಗಿ ಅವಳ ಕಿವಿ ಹೋಯಿತು. ವರ್ಷಗಟ್ಟಲೆ ಆ ಶೆಡ್ಡಿನ ಸದ್ದಿನಲ್ಲಿ ಕೂತದ್ದಕ್ಕೇ ಹೀಗಾಗಿದೆ ಎಂದರು ಡಾಕ್ಟರು. ಕಿವಿ ಹೋದದ್ದನ್ನು ಅವಳು ತಡೆದುಕೊಂಡಳು. ಆದರೆ ಯಾರದೋ ಮನೆಯ ನಾಮಕರಣದಲ್ಲಿ, ಅದೇನು ಹಾಗೆ ಕಿರುಚುತ್ತೀಯ ಎಂದು ಅವಳ ಗಂಡನ ಕಡೆಯವರೊಬ್ಬರು ಮುಖ ಸಿಂಡರಿಸಿದರಂತೆ. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಳು. ಅವರ ಮನೆಯಲ್ಲಿ ತೆಲುಗು, ನಮ್ಮಲ್ಲಿ ಕನ್ನಡ. ತುಟಿ ನೋಡಿ ಎರಡನ್ನೂ ಅರ್ಥಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ತಲೆಯಾಡಿಸಿಯೇ. ನಾನು ಹೋದರೆ ಬೇಡ ಬೇಡ ಎಂದರೂ ಮುದ್ದೆ ಬಡಿಸುತ್ತಾಳೆ, ಪಕ್ಕದಲ್ಲಿ ಕೂರುತ್ತಾಳೆ. ವಾಪಸು ಬರುವಾಗ ಬಸ್ಸಿನಲ್ಲಿ ಎಷ್ಟೋ ಸಲ ಅತ್ತಿದ್ದೇನೆ. ಬದುಕಿರುವ ಅಕ್ಕನ ದನಿಗಾಗಿ ಹಂಬಲಿಸುವುದು ಎಂಥ ಹಣೆಬರಹ.

ಅಕ್ಕನ ಮದುವೆಗೆ ಮುಂಚೆ ನಮ್ಮ ಬೋರ್‌ನಲ್ಲಿ ಇದ್ದದ್ದು ತಳದಲ್ಲಿ ಒಂದಿಷ್ಟು ನೀರು. ಪಂಪು ಎತ್ತುವಷ್ಟಿಲ್ಲ. ಹಾಗಾಗಿ ಕಂಪ್ರೆಸರ್. ಮೋಟಾರು ಬೆಲ್ಟಿನಿಂದ ಅದನ್ನು ತಿರುಗಿಸುತ್ತದೆ, ಅದು ಗಾಳಿಯನ್ನು ಒತ್ತಿ ಬೋರ್‌ನ ತಳಕ್ಕೆ ಕಳಿಸುತ್ತದೆ, ಗಾಳಿ ನೀರನ್ನು ಹೊತ್ತು ಮೇಲೆ ಬರುತ್ತದೆ. ಕರೆಂಟು ಬಂದ ಕೂಡಲೇ ಅಕ್ಕ ಶೆಡ್ಡಿಗೆ, ನಾನು ಹಿಪ್ಪುನೇರಳೆ ತೋಟದ ಕಾಲುವೆಗೆ ಓಡುತ್ತಿದ್ದೆವು. ಅಕ್ಕ ಮೊದಲು ಗಾಳಿಯನ್ನು ಹೊರಬಿಡುವ ಕಾಕು, ಅಂದರೆ ವಾಲ್ವು, ತೆರೆದಿಟ್ಟು ಮೋಟಾರನ್ನು ಭಾರವಿಲ್ಲದೆ ಓಡಿಸುತ್ತಿದ್ದಳು. ವೇಗ ಬಂದ ಮೇಲೆ ಕಾಕನ್ನು ಮೆಲ್ಲಗೆ ಮುಚ್ಚುವಳು. ಪೈಪಿನಲ್ಲಿ ನಿಂತ ನೀರನ್ನು ಮೊದಲು ತಳ್ಳಬೇಕಲ್ಲ, ಅಷ್ಟು ಹೊತ್ತು ಮೋಟಾರು ತಿಣುಕುತ್ತಿತ್ತು. ಆಮೇಲೆ ಅದರ ದನಿ ಹಗುರಾಗುತ್ತಿತ್ತು. ನನ್ನ ಮುಂದಿನ ಪೈಪಿನ ಬಾಯಿ ಇನ್ನೂ ಒಣಗಿರುವಾಗಲೇ ಅಕ್ಕ ಶೆಡ್ಡಿನಿಂದ, ನೀರು ಬಂತು ಕಣೇ ಎಂದು ಕೂಗುವಳು. ಮರುಕ್ಷಣ ಪೈಪು ಕೆಮ್ಮಿ ಕೆಮ್ಮಿ ನೀರು ಉಗಿಯುತ್ತಿತ್ತು.

ಒಮ್ಮೆ ಅಪ್ಪ ಹೆಚ್ಚು ನೀರಿನ ಆಸೆಗೆ ಮೋಟಾರಿಗೆ ಬೆಲ್ಟು ಸುತ್ತುವ ದೊಡ್ಡ ಪುಲ್ಲಿ ಹಾಕಿಸಿದರು. ಕಂಪ್ರೆಸರ್ ಜೋರಾಗಿ ತಿರುಗಿತು, ಮೋಟಾರು ಕಾದು ಕೆಂಡವಾಯಿತು, ಬಂದದ್ದು ಬರೀ ಗಾಳಿ. ಕೋಲಾರದ ಮೆಕ್ಯಾನಿಕ್ ಹಳೆಯ ಪುಲ್ಲಿಯನ್ನೇ ಮತ್ತೆ ಕೂರಿಸಿ, ಈ ಮೋಟಾರು-ಕಂಪ್ರೆಸರ್ ಜೋಡಿ ಈ ಬೋರ್‌ನ ಈ ನೀರಿಗೆ ಹೊಂದಿಸಿದ್ದು, ಆಸೆಗಲ್ಲ ಎಂದು ಹೇಳಿ ಹೋದರು. ಅಪ್ಪ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ಅಕ್ಕ ಮಾತ್ರ ಬಿದ್ದು ಬಿದ್ದು ನಕ್ಕಳು.

ಈಗ ಕೆರೆಗಳಿಗೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬರತೊಡಗಿ ಬೋರ್‌ಗಳಲ್ಲಿ ನೀರು ಮೇಲೇರಿದೆ. ಪಕ್ಕದ ಬೋರ್‌ಗೆ ಇಳಿಸಿದ ಪಂಪೇ ಇಡೀ ಹೊಲಕ್ಕೆ ಸಾಕು. ಒಳ್ಳೆಯದೇ ಆಯಿತು. ಆದರೂ ಆ ತಿಣುಕಾಟವನ್ನು ಅಕ್ಕ ಕೈಯಿಂದಲಾದರೂ ಮುಟ್ಟಿ ನೋಡಿದರೆ, ನೀರು ಬಂತು ಎಂಬ ಆ ಒಂದು ಮಾತು ಬಾಯಿತಪ್ಪಿಯಾದರೂ ಬಂದೀತು ಎಂಬ ಆಸೆ ನನ್ನದು.

ಅಕ್ಕನನ್ನು ಕರೆಸಿದೆ. ತಮ್ಮ ಕೋಳಿಗಳನ್ನು ಓಡಿಸಿ, ಎಣ್ಣೆ ಹಾಕಿ, ಹೊಸ ಬೆಲ್ಟು ಬಿಗಿದಿದ್ದ. ಅಕ್ಕ ಕಂಪ್ರೆಸರಿನ ಗಾಳಿಯ ಟ್ಯಾಂಕಿನ ಮೇಲೆ ಅಂಗೈ ಊರಿ ನಿಂತಳು. ಕಾಕು ತೆರೆದಿದ್ದಾಗ ಎಲ್ಲ ಸರಾಗವಾಗಿತ್ತು. ತಮ್ಮ ಅದನ್ನು ಮುಚ್ಚುತ್ತ ಬಂದಂತೆ ಮೋಟಾರು ತಿಣುಕಿತು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ದನಿ ಹಗುರಾಗಲೇ ಇಲ್ಲ. ಬೆಲ್ಟು ಕಿರುಗುಟ್ಟಿತು, ಸುಟ್ಟ ರಬ್ಬರಿನ ವಾಸನೆ ಬಂತು. ನನ್ನ ಆಸೆಯೂ ಸುಟ್ಟುಹೋಯಿತು ಅಂದುಕೊಂಡೆ.

"ನಿಲ್ಸೋ ಲೇ," ಅಂದಳು ಅಕ್ಕ. ಶೆಡ್ಡಿನ ತಗಡು ಅದುರುವಂಥ ದನಿ. "ನೀರು ಬರಲ್ಲ. ಒಳಗೆ ನೀರು ಜಾಸ್ತಿ ನಿಂತೈತೆ ಕಣೋ, ಅಷ್ಟನ್ನ ತಳ್ಳಕ್ಕೆ ಇದ್ರ ಕೈಲಾಗಲ್ಲ."

ತಮ್ಮ ಸ್ವಿಚ್ ಆರಿಸಿದ. ಅಕ್ಕ ಮಾತು ನಿಲ್ಲಿಸಲಿಲ್ಲ. ನೀರಿಲ್ಲದ ಕಾಲದ ಜೋಡಿಗೆ ಈಗಿನ ನೀರು ಹೆಚ್ಚಾಯಿತು ಎಂದಳು. ಅಪ್ಪನ ಪುಲ್ಲಿಯನ್ನು ನೆನೆದು ನಕ್ಕಳು. ನಾನು ಕಾಲುವೆಯ ಬದುವಿನಲ್ಲಿ ನಿದ್ದೆಹೋಗಿ ನೀರೆಲ್ಲ ಪಕ್ಕದವರ ಹೊಲಕ್ಕೆ ಹರಿದದ್ದನ್ನು ತಮ್ಮನಿಗೆ ಮೊದಲಿನಿಂದ ಹೇಳತೊಡಗಿದಳು. ಆಚೆ ರಾಗಿಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಮ್ಮ ಕಡೆ ನೋಡಿದರು. ಅಕ್ಕ ಅದನ್ನು ಕಂಡು ತಟ್ಟನೆ ನಿಲ್ಲಿಸಿದಳು.

"ನಾನು ಜೋರಾಗಿ ಮಾತಾಡ್ತಿದೀನಾ?"

ಅವಳಿಗೆ ನನ್ನ ತುಟಿ ಕಾಣುವಂತೆ ಎದುರಿಗೆ ಬಂದು ನಿಂತೆ.

"ಇಲ್ಲ ಕಣಕ್ಕ. ನಂಗೇ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."